ಮನೆಯ ಹೊರಗಿನ ಪ್ರತಿ

ಸಂತಾಪ ಸಭೆಯಲ್ಲಿ ನಮ್ಮ ಪ್ರಾಂಶುಪಾಲರು ಕಂಪ್ಯೂಟರ್ ಲ್ಯಾಬಿನ ಮೇಡಂ ಅವರನ್ನು ‘ಶಾಂತಸ್ವಭಾವದವರು, ಮೃದುಭಾಷಿ’ ಎಂದು ಬಣ್ಣಿಸಿದಾಗ ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ತಿರುಗಿ ನೋಡಿದೆ. ಭೌತಶಾಸ್ತ್ರದ ಮೇಷ್ಟ್ರು. ನಗು ತಡೆಯಲು ಕೆಮ್ಮಿದ್ದು ಎಂದು ಗೊತ್ತಾಯಿತು. ಅವರ ಮೇಲೆ ಮೇಡಂ ಒಮ್ಮೆ ಸ್ಟೇಪ್ಲರ್ ಎಸೆದಿದ್ದರು. ಅದು ಗುರಿ ತಪ್ಪಿ ಗೋಡೆಗೆ ಬಡಿದು ಬಿಲ್ಲೆಯಷ್ಟು ಸುಣ್ಣ ಕಿತ್ತುಬಂದಿತ್ತು.

ನಡೆದದ್ದು ಇಷ್ಟು. ಮೇಷ್ಟ್ರ ಫೋನು ಬಸ್ಸಿನಲ್ಲಿ ಕಳವಾಗಿತ್ತು. ತೀರಿಕೊಂಡ ತಾಯಿಯ ಫೋಟೋಗಳೆಲ್ಲ ಅದರಲ್ಲೇ ಇದ್ದವಂತೆ. ಏನಾದರೂ ಮಾಡಲು ಸಾಧ್ಯವೇ ಎಂದು ಕಣ್ಣೊರೆಸಿಕೊಳ್ಳುತ್ತ ಕಂಪ್ಯೂಟರ್ ಲ್ಯಾಬಿಗೆ ಬಂದರು.

"ಬೇರೆ ಎಲ್ಲಾದ್ರೂ ಇದೆಯಾ?" ಎಂದರು ಮೇಡಂ.

"ಇಲ್ಲ ಮೇಡಂ. ಫೋನಲ್ಲಿ ಮಾತ್ರ."

ಸ್ಟೇಪ್ಲರ್ ಹಾರಿದ್ದು ಆಗಲೇ. "ನಿಮ್ಮಮ್ಮ ಕಾಯಿಲೆ ಬಂದು ಒಂದ್ಸಲ ಸತ್ರು. ಎರಡ್ನೇ ಸಲ ನೀನೇ ಸಾಯಿಸ್ದೆ ಕಣಯ್ಯ. ಎದ್ದೋಗು ಆಚೆ!"

ಮೇಷ್ಟ್ರು ಎದ್ದು ಹೋದರು. ಆಮೇಲೆ ಇಡೀ ತಿಂಗಳು ಮೇಡಂ ಆ ಮೇಷ್ಟ್ರ ನೆಂಟರಿಗೆಲ್ಲ ಒಬ್ಬೊಬ್ಬರಿಗೇ ಫೋನ್ ಮಾಡಿ, ಗೃಹಪ್ರವೇಶ, ನಾಮಕರಣಗಳ ಫೋಟೋ ತರಿಸಿ, ಮೂಲೆಯಲ್ಲೋ ಬಾಗಿಲ ಹಿಂದೋ ಆ ತಾಯಿ ಕಂಡಲ್ಲೆಲ್ಲ ಹೆಕ್ಕಿ ಒಂದು ಡಿಸ್ಕಿಗೆ ತುಂಬಿ ಕೊಟ್ಟರು. ಕೊಡುವಾಗಲೂ ಬೈದೇ ಕೊಟ್ಟರು.

ರಾಜಾಜಿನಗರದ ನಮ್ಮ ಡಿಗ್ರಿ ಕಾಲೇಜಿನಲ್ಲಿ ಅವರು ಲ್ಯಾಬಿನ ಮುಖ್ಯಸ್ಥೆ. ಎಲೆಕ್ಟ್ರಾನಿಕ್ಸ್‌ನಲ್ಲಿ ಎಂ.ಎಸ್ಸಿ. ಮಾಡಿದ್ದರು. ನಾನು ಸಂಖ್ಯಾಶಾಸ್ತ್ರ ಕಲಿಸಲು ಸೇರಿದಾಗ ಸ್ಟಾಫ್ ರೂಮಿನಲ್ಲಿ ಜಾಗವಿರಲಿಲ್ಲ. ಅವರ ಲ್ಯಾಬಿನ ಮೂಲೆಯ ಮೇಜು ನನ್ನ ಪಾಲಿಗೆ ಬಂತು. ಮೊದಲ ದಿನ ಅವರು ಕೇಳಿದ್ದು ಒಂದೇ ಪ್ರಶ್ನೆ.

"ಜಾಸ್ತಿ ಮಾತಾಡ್ತೀಯಾ?"

"ಇಲ್ಲ ಮೇಡಂ."

"ಹಂಗಾದ್ರೆ ಕೂತ್ಕೋ."

ನಮ್ಮ ಸ್ನೇಹ ಅಷ್ಟರಲ್ಲೇ ಇತ್ಯರ್ಥವಾಯಿತು. ನಾನು ಕೇಳುತ್ತಿರಲಿಲ್ಲ, ಅವರು ಹೇಳುತ್ತಿರಲಿಲ್ಲ. ಹೇಳಬೇಕೆನಿಸಿದಾಗ, ಪ್ರಯೋಗದ ವಿಧಾನ ವಿವರಿಸುವವರಂತೆ, ಏರಿಳಿತವಿಲ್ಲದೆ ಹೇಳಿಬಿಡುತ್ತಿದ್ದರು.

ಸತ್ತ ಹಾರ್ಡ್ ಡಿಸ್ಕುಗಳನ್ನು ಅವರು ತಾವೇ ಒಡೆಯುತ್ತಿದ್ದರು. ಗುಜರಿಗೆ ಹಾಗೇ ಹಾಕಿದರೆ ಒಳಗಿನ ಮಕ್ಕಳ ಅಂಕಪಟ್ಟಿ, ಫೋಟೋ ಯಾರ ಕೈ ಸೇರುತ್ತದೋ ಎಂಬುದು ಕಾರಣ. ಲ್ಯಾಬಿನ ಹಿಂದಿನ ಜಗಲಿಯಲ್ಲಿ ಗೋಣಿತಾಟು ಹಾಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಡಿಸ್ಕಿನ ನೆತ್ತಿಗೆ ಉಳಿಯಿಟ್ಟು ಸುತ್ತಿಗೆ ಎತ್ತುತ್ತಿದ್ದರು. ಒಂದೇ ಏಟು. ಒಳಗಿನ ಕನ್ನಡಿಯಂಥ ಬಿಲ್ಲೆ ಪುಡಿಯಾಗುವ ಸದ್ದು ಹಲ್ಲು ಜುಮ್ಮೆನ್ನಿಸುತ್ತಿತ್ತು. "ಇನ್ನು ದೇವರು ಬಂದ್ರೂ ಓದಕ್ಕಾಗಲ್ಲ," ಎಂದು ಕೈ ಕೊಡವಿಕೊಳ್ಳುತ್ತಿದ್ದರು. ವಿದ್ಯಾರ್ಥಿಗಳು ಕಿಟಕಿಯಲ್ಲಿ ಜೋತುಬಿದ್ದು ನೋಡುತ್ತಿದ್ದರು. ‘ಮ್ಯಾಮ್ ಮರ್ಡರ್ ಮಾಡ್ತಿದಾರೆ ಬನ್ರೋ’ ಎಂದು ಒಬ್ಬರನ್ನೊಬ್ಬರು ಕರೆಯುತ್ತಿದ್ದರು.

ಉಳಿಸುವುದರಲ್ಲೂ ಅದೇ ಬಿರುಸು. ಸಹೋದ್ಯೋಗಿಗಳು, ಅವರ ಅತ್ತಿಗೆ ನಾದಿನಿಯರು, ಕಾಲೇಜಿನ ಎದುರು ಹೂ ಮಾರುವಾಕೆ ಎಲ್ಲರೂ ಫೋನು ಹಿಡಿದು ಬರುತ್ತಿದ್ದರು. ‘ಜಾಗ ಸಾಲ್ತಿಲ್ಲ ಮೇಡಂ, ಅಳಿಸಿಬಿಡ್ಲಾ?’ ಎಂದವರಿಗೆ ಮೊದಲು ಬೈಗುಳ, ಆಮೇಲೆ ಪಾಠ. ಎಲ್ಲದಕ್ಕೂ ಮೂರು ಪ್ರತಿ, ಒಂದು ಕಂಪ್ಯೂಟರಿನಲ್ಲಿ, ಒಂದು ಬೀರುವಿನಲ್ಲಿ, ಒಂದು ಮನೆಯ ಹೊರಗೆ. "ಮನೆಗೆ ಬೆಂಕಿ ಬಿದ್ರೆ ಬೀರು ಯಾವ್ದು, ಕಂಪ್ಯೂಟರ್ ಯಾವ್ದು ಅಂತ ಕೇಳುತ್ತಾ? ಅಕ್ಕನ ಮನೇಲಿಡಿ, ಗೆಳತಿ ಮನೇಲಿಡಿ. ಯಾರೂ ಇಲ್ದಿದ್ರೆ ಶತ್ರು ಮನೇಲಾದ್ರೂ ಇಡಿ." ಯುಗಾದಿಯ ದಿನ ತಲೆಗೆ ಎಣ್ಣೆ ಹಾಕಿಕೊಳ್ಳುವಾಗ ಬೀರುವಿನ ಡಿಸ್ಕನ್ನೂ ಹೊರತೆಗೆದು ಕರೆಂಟು ಕೊಡಬೇಕು, ಸುಮ್ಮನೆ ಮಲಗಿಸಿಟ್ಟರೆ ಮೊಣಕಾಲಿನ ಹಾಗೆ ಹಿಡಿದುಕೊಂಡುಬಿಡುತ್ತದೆ ಎನ್ನುತ್ತಿದ್ದರು.

ಪ್ರತಿ ವರ್ಷ ಹೊಸ ತರಗತಿಗೆ ಅವರು ಬೋರ್ಡಿನ ಮೇಲೆ ಬರೆಯುತ್ತಿದ್ದ ಮೊದಲ ಸಾಲು, ‘ಒಂದು ಕಣ್ಣು ಕಣ್ಣಲ್ಲ.’ ಗಾದೆಯನ್ನು ಅಲ್ಲಿಗೇ ನಿಲ್ಲಿಸುತ್ತಿದ್ದರು. ಒಂದು ಸಲ ಮುಂದಿನ ಬೆಂಚಿನ ಹುಡುಗ ಉತ್ಸಾಹದಿಂದ ಪೂರ್ತಿ ಮಾಡಿದ. "ಒಬ್ಬ ಮಗ ಮಗನಲ್ಲ. ಅಲ್ವಾ ಮ್ಯಾಮ್?"

ಮೇಡಂ ವೇದಿಕೆಯಿಂದ ಇಳಿದು ಬಂದು ಅವನ ಕಾಲರ್ ಹಿಡಿದು ಎತ್ತಿದರು. ಹುಡುಗ ತುದಿಗಾಲಲ್ಲಿ ನಿಂತ. ಅವರು ಅವನ ಮುಖವನ್ನೇ ನೋಡಿ, ಕಾಲರ್ ಬಿಟ್ಟು, ಅದರ ಸುಕ್ಕನ್ನು ಅಂಗೈಯಿಂದ ಸರಿಮಾಡಿ ಹೊರಗೆ ಹೋದರು.

ನಾನು ಸೇರುವುದಕ್ಕೆ ಹಿಂದಿನ ವರ್ಷ ಅವರ ಒಬ್ಬನೇ ಮಗ ಮನು ಬೈಕ್ ಅಪಘಾತದಲ್ಲಿ ಹೋಗಿದ್ದ. ಹತ್ತೊಂಬತ್ತು ವರ್ಷ. ರಿಂಗ್ ರೋಡಿನ ಅಂಡರ್‌ಪಾಸಿನಲ್ಲಿ, ಸಂಜೆಯ ಬೆಳಕಿರುವಾಗಲೇ. ಇದನ್ನು ನನಗೆ ಹೇಳಿದ್ದು ಭೌತಶಾಸ್ತ್ರದ ಮೇಷ್ಟ್ರು.

ಮೇಡಂ ಅವರ ಗಂಡನ ಮನೆ ನಾಯಂಡಹಳ್ಳಿಯ ಹಳೇ ಊರಿನಲ್ಲಿ. ಒಂದು ಕಾಲದಲ್ಲಿ ರಾಗಿ ಬೆಳೆಯುತ್ತಿದ್ದ ಹೊಲವೆಲ್ಲ ರಸ್ತೆಗೂ ಗೋಡೌನುಗಳಿಗೂ ಹೋಗಿ, ಗಂಡ ಆ ಗೋಡೌನುಗಳ ಸರಕು ಸಾಗಿಸಲು ಗೂಡ್ಸ್ ಟೆಂಪೋಗಳನ್ನು ಓಡಿಸುತ್ತಿದ್ದರು. ದಪ್ಪ ಕತ್ತು, ಸಣ್ಣ ದನಿ. ಒಮ್ಮೆ ಕಾಲೇಜಿನ ಗೇಟಿಗೆ ಬಂದಿದ್ದಾಗ ‘ನೀವು ಆರಾಮಾ ಮೇಡಂ?’ ಎಂದು ನನ್ನನ್ನು ವಿಚಾರಿಸಿಕೊಂಡಿದ್ದರು. ಅವರು ಹೆಂಡತಿಗೆ ಹೊಡೆಯುತ್ತಿದ್ದರು. ಮದುವೆಯಾದಾಗಿನಿಂದ ಹೊಡೆಯುತ್ತಿದ್ದರು. ಮೇಡಂ ತೋಳಿನ ಮೇಲೆ ಕಂದು ಗುರುತು ಇಲ್ಲದ ವಾರಗಳು ಕಡಿಮೆ. "ನಾನೂ ಬಿಡಲ್ಲ ಕಣೇ," ಎಂದಿದ್ದರು ಒಮ್ಮೆ, ಟಿಫಿನ್ ಡಬ್ಬಿ ಮುಚ್ಚುತ್ತ. "ಆದ್ರೆ ಅವರ ಕೈ ದೊಡ್ಡದು."

ಮಗ ಹೋದ ಮೇಲೆ ಜಗಳ ಬೇರೆಯದೇ ಆಯಿತು. ಮನುವಿನ ವಿಡಿಯೋಗಳನ್ನೆಲ್ಲ ಮೇಡಂ ಅವನು ಮಗುವಾಗಿದ್ದಾಗಿನಿಂದ ಜೋಡಿಸಿಟ್ಟಿದ್ದರು. ಸಂಜೆ ಕಾಲೇಜಿನಿಂದ ಹೋದವರು ಅವನ್ನು ಹಾಕಿಕೊಂಡು ಅಡುಗೆ ಮಾಡುತ್ತಿದ್ದರು. ಗಂಡ ಯಾರೋ ಶಾಸ್ತ್ರ ಹೇಳುವವರಲ್ಲಿಗೆ ಹೋಗಿ ಕೇಳಿಕೊಂಡು ಬಂದರು. ಸತ್ತವರ ದನಿ ಮನೆಯಲ್ಲಿ ಕೇಳುತ್ತಿದ್ದರೆ ಆ ಜೀವಕ್ಕೆ ಬಿಡುಗಡೆ ಇಲ್ಲ, ಹೊಸಿಲಿನಲ್ಲೇ ಸುತ್ತುತ್ತಿರುತ್ತದೆ ಎಂದರಂತೆ. ಅಂದಿನಿಂದ ಆ ಮನೆಯಲ್ಲಿ ಮಗನ ದನಿ ಕೇಳಿದಾಗಲೆಲ್ಲ ಏನಾದರೂ ಒಂದು ಒಡೆಯಿತು. ಮೊದಲು ಫೋನು. ಆಮೇಲೆ ಕಂಪ್ಯೂಟರು. ಅದನ್ನು ತಾರಸಿಯಿಂದ ಬೀದಿಗೆ ಎಸೆದರು.

"ಆನ್‌ಲೈನಲ್ಲಿ ಇಟ್ಟಿರಲಿಲ್ವಾ ಮೇಡಂ?" ನಾನು ಕೇಳಿದ ಕೆಲವೇ ಪ್ರಶ್ನೆಗಳಲ್ಲಿ ಅದೊಂದು.

ಅವರು ಬಲಗೈಯನ್ನು ಮೇಜಿನ ಮೇಲೆ ಚಾಚಿದರು. ತೋರುಬೆರಳು ನಡುಗೆಣ್ಣಿನಲ್ಲಿ ಸೊಟ್ಟಗಾಗಿತ್ತು.

"ಕುಕ್ಕರ್ ಮುಚ್ಚಳದಲ್ಲಿ ಹೊಡೆದ್ರು. ಆಮೇಲೆ ಇದೇ ಬೆರಳು ಹಿಡಿದು ಹೊಸ ಫೋನಿಗೆ ಒತ್ತಿದ್ರು. ಅಲ್ಲಿದ್ದಿದ್ದೂ ಹೋಯ್ತು. ಕಸದಬುಟ್ಟಿ ಕೂಡ ಖಾಲಿ ಮಾಡಿಸಿದ್ರು. ಯಾರು ಹೇಳ್ಕೊಟ್ಟಿದ್ರೋ. ಪಾಸ್‌ವರ್ಡ್ ತಲೇಲಿರುತ್ತೆ ಅಂತ ಮಕ್ಕಳಿಗೆ ಪಾಠ ಮಾಡ್ತೀವಲ್ಲ, ಸುಳ್ಳು. ಬೆರಳಲ್ಲಿರುತ್ತೆ. ಬೆರಳು ಮುರಿದ್ರೆ ಈಚೆಗೆ ಬರುತ್ತೆ."

ಉಳಿದದ್ದು ಎರಡು ಡಿಸ್ಕು. ಒಂದು ಅವರ ಮನೆಯ ಅಕ್ಕಿ ಡ್ರಮ್ಮಿನ ತಳದಲ್ಲಿ, ಪ್ಲಾಸ್ಟಿಕ್ ಸುತ್ತಿಕೊಂಡು. ಇನ್ನೊಂದು ಚಂದ್ರಾ ಲೇಔಟಿನ ನಮ್ಮ ಮನೆಯಲ್ಲಿ, ಅಮ್ಮನ ರೇಷ್ಮೆ ಸೀರೆಗಳ ಕೆಳಗೆ. ಅದನ್ನು ಒಂದು ರವಿಕೆ ಕಣದಲ್ಲಿ ಸುತ್ತಿ ತಂದುಕೊಟ್ಟು, "ಏನು ಅಂತ ಕೇಳ್ಬೇಡ," ಎಂದಿದ್ದರು. ನಾನು ಕೇಳಿರಲಿಲ್ಲ. ತಾವಾಗಿಯೇ ಹೇಳಿದ್ದು ತಿಂಗಳುಗಳ ನಂತರ. ಅಂದಿನಿಂದ ಕೆಲವು ಮಧ್ಯಾಹ್ನ ‘ನಮ್ಮವನನ್ನ ಕರ್ಕೊಂಡ್ಬಾ ನಾಳೆ’ ಎನ್ನುತ್ತಿದ್ದರು. ಡಿಸ್ಕನ್ನು ಚೀಲದಲ್ಲಿ ಹಾಕಿಕೊಂಡು ಹೋಗುತ್ತಿದ್ದೆ. ಊಟದ ವಿರಾಮದಲ್ಲಿ ಲ್ಯಾಬಿನ ಬಾಗಿಲಿಗೆ ಚಿಲಕ ಹಾಕಿ ಇಬ್ಬರೂ ನೋಡುತ್ತಿದ್ದೆವು. ಮಕ್ಕಳ ಕೈಯಾಡುವ ಯಂತ್ರವೆಂದು ಅಲ್ಲಿ ಪ್ರತಿ ಮಾತ್ರ ಇಡುತ್ತಿರಲಿಲ್ಲ.

ಹಲ್ಲುಜ್ಜುತ್ತ ನೊರೆಬಾಯಿಯಲ್ಲಿ ಮಗ್ಗಿ ಹೇಳುವ ಮನು. ನಾಯಿಮರಿಗೆ ಇಂಗ್ಲಿಷಿನಲ್ಲಿ ಗದರಿಸುವ ಮನು. ಮೀಸೆ ಮೂಡಿದ ಮೇಲೆ ಒಂದು, ಅಮ್ಮ ಡಿಸ್ಕಿಗೆ ಹೆಸರಿನ ಚೀಟಿ ಅಂಟಿಸುವುದನ್ನು ತಾನೇ ಚಿತ್ರೀಕರಿಸಿದ್ದು.

"ಅಮ್ಮಾ, ನಂದೂ ಒಂದು ಎಕ್ಸ್‌ಟ್ರಾ ಕಾಪಿ ಮಾಡಿಟ್ಕೊಂಬಿಡು."

"ನಿನ್ನಂಥದ್ದು ಒಂದನ್ನೇ ತಡ್ಕೊಳಕ್ಕಾಗ್ತಿಲ್ಲ, ಹೋಗೋ."

ವಿಡಿಯೋದಲ್ಲಿ ಇಬ್ಬರೂ ನಗುತ್ತಾರೆ. ನನ್ನ ಪಕ್ಕದ ಕುರ್ಚಿಯಲ್ಲಿ ಅವರು ನಗುತ್ತಿರಲಿಲ್ಲ, ಅಳುತ್ತಲೂ ಇರಲಿಲ್ಲ. ವಿದ್ಯಾರ್ಥಿಯ ಉತ್ತರ ತಪ್ಪಿದೆಯೋ ಸರಿಯಿದೆಯೋ ಎಂದು ತಾಳೆ ನೋಡುವವರ ಹಾಗೆ ಪರದೆಯತ್ತ ಬಾಗಿ ಕೇಳುತ್ತಿದ್ದರು. "ದನಿ ಮರೆತುಹೋಗುತ್ತೆ ಕಣೇ ಮೊದಲು," ಎಂದರು ಒಂದು ದಿನ. "ಮುಖ ಆಮೇಲೆ. ಈ ಎರಡು ಡಬ್ಬಿ ಹೋದ್ರೆ ಅವನ ದನಿ ಹೆಂಗಿತ್ತು ಅಂತ ಹೇಳಕ್ಕೆ ನನ್ ಹತ್ರ ಏನೂ ಇರಲ್ಲ."

ಆಯುಧಪೂಜೆಯ ವಿಷಯಕ್ಕೆ ಬರಬೇಕು.

ಲ್ಯಾಬಿನ ಪ್ರತಿಯೊಂದು ಯಂತ್ರಕ್ಕೂ ಮೇಡಂ ತಾವೇ ಕುಂಕುಮ ಇಡುತ್ತಿದ್ದರು. ಮೌಸಿಗೂ, ಸ್ಕ್ರೂಡ್ರೈವರಿಗೂ, ಆ ಸುತ್ತಿಗೆಗೂ. ವರ್ಷದ ಆ ದಿನ ಕುಂಕುಮ ಕಾಣದ ಯಂತ್ರ ಆ ವರ್ಷ ಕೈಕೊಡುತ್ತದೆ ಎಂಬುದು ಅವರ ಅನುಭವ. ಎಂ.ಎಸ್ಸಿ. ಓದಿದವರು ಹೀಗೆ ನಂಬುವುದೇ ಎಂದು ಯಾರೋ ಕೆಣಕಿದ್ದಕ್ಕೆ, "ನಿಮ್ ಸ್ಕೂಟರಿಗೆ ಪೂಜೆ ಮಾಡ್ದೆ ಒಂದು ವರ್ಷ ಓಡ್ಸಿ ನೋಡೋಣ," ಎಂದಿದ್ದರು. ಯಾರೂ ಓಡಿಸಲು ಒಪ್ಪಿರಲಿಲ್ಲ.

ಆ ವರ್ಷ ಹಬ್ಬದ ಬೆಳಿಗ್ಗೆ ನಮ್ಮ ಮನೆಗೆ ಬಂದರು. ತಲೆಗೆ ಸ್ನಾನ ಮಾಡಿದ್ದರು, ಹೂ ಮುಡಿದಿದ್ದರು.

"ಡಿಸ್ಕ್ ಕೊಡು. ಪೂಜೆ ಮುಗ್ಸಿ ಕೊಟ್ಬಿಡ್ತೀನಿ."

ಅಮ್ಮ ಕುಂಕುಮದ ಬಟ್ಟಲು ಹಿಡಿದು ಬಂದರು. "ಇಲ್ಲೇ ಇಟ್ಬಿಡಿ ಮೇಡಂ. ನಮ್ಮನೇಲೂ ಪೂಜೆ ಇದ್ದೇ ಇದೆಯಲ್ಲ."

"ಅಯ್ಯೋ, ನಮ್ಮನೆ ಆಯುಧಕ್ಕೆ ಬೇರೆಯವರ ಮನೇಲಿ ಪೂಜೆ ಮಾಡ್ತಾರಾ ಅಕ್ಕ? ನನ್ ಮಗನದ್ದು ನಮ್ಮನೆ ದೇವ್ರ ಮುಂದೇನೇ ಆಗ್ಬೇಕು."

"ಎರಡೂ ಒಂದೇ ಕಡೆ ಆಗುತ್ತೆ ಮೇಡಂ," ಎಂದೆ.

"ಒಂದು ಗಂಟೆ ಕಣೇ. ನೀನೂ ಬಾ. ಮಂಗಳಾರತಿ ತಗೊಂಡು ನೀನೇ ವಾಪಸ್ ತಗೊಂಡ್ಹೋಗು."

ಅದರಲ್ಲಿ ನಾನು ಆಕ್ಷೇಪಿಸುವಂಥದ್ದೇನೂ ಇರಲಿಲ್ಲ. ಆಟೋದಲ್ಲಿ ಇಬ್ಬರೂ ಹೋದೆವು. ದಾರಿಯುದ್ದಕ್ಕೂ ಅವರು ಡಿಸ್ಕನ್ನು ಮಡಿಲಲ್ಲಿ ಇಟ್ಟುಕೊಂಡಿದ್ದರು.

ಅವರ ಮನೆಯ ಮುಂದೆ ಟೆಂಪೋಗಳು ಬಾಳೆಕಂದು ಕಟ್ಟಿಸಿಕೊಂಡು ಸಾಲಾಗಿ ನಿಂತಿದ್ದವು. ಡ್ರೈವರುಗಳು ಹೊಸ ಶರಟು ತೊಟ್ಟಿದ್ದರು. ಹೆಚ್ಚಿನವರು ಉತ್ತರ ಕರ್ನಾಟಕದ ಕಡೆಯವರು. ಜಗಲಿಯ ಮೇಲೆ ಮಣೆ ಹಾಕಿ ಜಾಕು, ವೀಲ್ ಸ್ಪ್ಯಾನರು, ಕುಡುಗೋಲು, ಈಳಿಗೆಮಣೆ, ಮೇಡಂ ಅವರ ಲ್ಯಾಪ್‌ಟಾಪು, ಕಾಲೇಜಿನ ಕೆಲಸದ ಡಿಸ್ಕುಗಳು ಎಲ್ಲವನ್ನೂ ಜೋಡಿಸಿದ್ದರು. ಆ ಕಪ್ಪು ಡಿಸ್ಕುಗಳ ನಡುವೆ ಅಕ್ಕಿ ಡ್ರಮ್ಮಿನದ್ದನ್ನೂ ನಮ್ಮ ಮನೆಯದ್ದನ್ನೂ ಸೇರಿಸಿದರು. ಬೇರೆಯವರಿಗೆ ವ್ಯತ್ಯಾಸ ಕಾಣುವಂತಿರಲಿಲ್ಲ. ಗಂಡ ಟೆಂಪೋದ ಕನ್ನಡಿಗೆ ಹಾರ ಕಟ್ಟುತ್ತ ಒಮ್ಮೆ ಇತ್ತ ನೋಡಿ ಮತ್ತೆ ಹಾರದತ್ತ ತಿರುಗಿದರು.

ಮೇಡಂ ಒಂದೊಂದಕ್ಕೂ ಅರಿಶಿನ, ಕುಂಕುಮ ಇಟ್ಟು, ಹೂ ಏರಿಸುತ್ತ ಬಂದರು. ಜಾಕಿಗೆ, ಸ್ಪ್ಯಾನರಿಗೆ, ಲ್ಯಾಪ್‌ಟಾಪಿಗೆ, ಡಿಸ್ಕಿಗೆ. ಆ ಎರಡು ಡಿಸ್ಕು ಬಂದಾಗ ಒಂದರ ಮೇಲೊಂದು ಇಟ್ಟು ಎರಡೂ ಕೈಯಲ್ಲಿ ಎತ್ತಿಕೊಂಡು ಕಣ್ಣಿಗೊತ್ತಿಕೊಂಡರು. ಒತ್ತಿಕೊಂಡ ಕಣ್ಣನ್ನು ಬೇಗ ತೆರೆಯಲಿಲ್ಲ.

ಹಾರ ಕಟ್ಟುತ್ತಿದ್ದ ಕೈ ನಿಂತಿತು.

ಗಂಡ ಬಂದು, ಏನೂ ಕೇಳದೆ, ಅವರ ಕೈಯಿಂದ ಎರಡನ್ನೂ ತೆಗೆದುಕೊಂಡರು. ಮೇಡಂ ಎಳೆದರು. ಗಂಡ ಮೊಣಕೈಯಿಂದ ಎದೆಗೆ ಗುದ್ದಿದರು. ಮೇಡಂ ಮಣೆಯ ಮೇಲೆ ಬಿದ್ದರು, ಆರತಿ ತಟ್ಟೆ ಉರುಳಿತು. ನಾನು ಅವರನ್ನು ಎತ್ತುವಷ್ಟರಲ್ಲಿ ಗಂಡ ಟೆಂಪೋದ ಮುಂದಿನ ಚಕ್ರಗಳ ಬುಡದಿಂದ ನಿಂಬೆಹಣ್ಣು ತೆಗೆದು, ಆ ಜಾಗದಲ್ಲಿ ಎಡಕ್ಕೊಂದು, ಬಲಕ್ಕೊಂದು ಡಿಸ್ಕು ಇಟ್ಟಿದ್ದರು.

"ಸಾವ್ಕಾರ್ರ, ನಿಂಬಿಹಣ್ಣ ಬಿಟ್ಟು ಅದೇನ್ ಡಬ್ಬಿ ಇಡಾಕತ್ತೀರಿ?" ಎಂದ ಒಬ್ಬ ಡ್ರೈವರ್. ಉಳಿದವರು ನಕ್ಕರು.

ಗಂಡ ಹತ್ತಿ ಕೂತು ಕೀ ತಿರುಗಿಸಿದರು. "ಅವನನ್ನ ಹೋಗಕ್ಕೆ ಬಿಡೇ," ಎಂದು ಕಿಟಕಿಯಿಂದ ಕೂಗಿದರು. ಆ ಸಣ್ಣ ದನಿ ಒಡೆದಿತ್ತು. ಟೆಂಪೋ ಮುಂದಕ್ಕೆ ಹೋಗಿ, ಹಿಂದಕ್ಕೆ ಬಂದು, ಮತ್ತೆ ಮುಂದಕ್ಕೆ ಹೋಯಿತು. ಲ್ಯಾಬಿನ ಜಗಲಿಯಲ್ಲಿ ನಾನು ಕೇಳಿದ್ದ ಅದೇ ಸದ್ದು, ಆದರೆ ನಿಧಾನವಾಗಿ, ಮೂಳೆ ಅಗಿದಂತೆ.

ಗಂಡ ಕೆಳಗಿಳಿದು ನೆಲಕ್ಕೆ ಕಾಲೂರುವ ಹೊತ್ತಿಗೆ ಮೇಡಂ ಕೈಯ, ಕುಂಕುಮ ಹಚ್ಚಿದ ಸ್ಪ್ಯಾನರು ಅವರ ಬಲ ಹೆಗಲ ಮೇಲೆ ಬಿತ್ತು. ಮೂಳೆ ಮುರಿದದ್ದು ನಮಗೆಲ್ಲ ಕೇಳಿಸಿತು. ಎರಡನೆಯದು ಮುಂಗೈಗೆ. ಗಂಡ ಒಡೆದ ಬೂದುಗುಂಬಳದ ಹೋಳುಗಳ ನಡುವೆ ಕುಸಿದರು. ಮೇಡಂ ಮೂರನೆಯದಕ್ಕೆ ಎತ್ತಿದ್ದು ತಲೆಗೆ.

"ಹಿಡೀರೋ ಅಕ್ಕಾರ್ನ! ಸಾಯಸ್ತಾರಲೇ!"

ಡ್ರೈವರುಗಳು ಹಿಂದಿನಿಂದ ಅಪ್ಪಿ ಹಿಡಿದರು. ಹಿಡಿದವನ ಕೈಯನ್ನು ಅವರು ರಕ್ತ ಬರುವಂತೆ ಕಚ್ಚಿದರು. ಸ್ಪ್ಯಾನರು ಕಿತ್ತುಕೊಂಡ ಮೇಲೆ ಅವರ ಮೈಯಿಂದ ಶಕ್ತಿ ಒಮ್ಮೆಗೇ ಇಳಿದುಹೋಯಿತು. ಚಕ್ರದ ಬಳಿ ಮಂಡಿಯೂರಿ ಕೂತು, ಕುಂಕುಮದ ನೀರಿನಲ್ಲಿ ಕೈಯಾಡಿಸಿ ಚೂರುಗಳನ್ನು ಸೆರಗಿಗೆ ತುಂಬತೊಡಗಿದರು. ನಾನೂ ಪಕ್ಕದಲ್ಲಿ ಕೂತು ಹೆಕ್ಕಿದೆ. ಒಂದು ದೊಡ್ಡ ಚೂರನ್ನು ಬೆಳಕಿಗೆ ಹಿಡಿದು ನೋಡಿ, ಸೆರಗು ಬಿಟ್ಟುಬಿಟ್ಟರು. ಎಲ್ಲ ಕೆಳಗೆ ಬಿತ್ತು.

"ಇದು ಬರಲ್ಲ," ಎಂದರು. ಲ್ಯಾಬಿಗೆ ಕೆಟ್ಟ ಡಿ‌ಸ್ಕು ತಂದವರಿಗೆ ಹೇಳುತ್ತಿದ್ದ ಧಾಟಿಯಲ್ಲಿ.

ನರ್ಸಿಂಗ್ ಹೋಮಿನಲ್ಲಿ ಗಂಡ, ಟೆಂಪೋ ಹತ್ತುವಾಗ ಜಾರಿ ಬಿದ್ದೆ ಎಂದು ಹೇಳಿದರಂತೆ. ಪೊಲೀಸರು ಬರಲಿಲ್ಲ. ಮೇಡಂ ಒಂದು ಚೀಲ ಬಟ್ಟೆ ಮತ್ತು ಲ್ಯಾಪ್‌ಟಾಪು ತೆಗೆದುಕೊಂಡು ಮನೆ ಬಿಟ್ಟರು. ಮಲ್ಲತ್ತಹಳ್ಳಿಯ ಕೆರೆಯ ಹತ್ತಿರ ಮೊದಲ ಮಹಡಿಯಲ್ಲಿ ಒಂದು ಕೋಣೆ ಹಿಡಿದರು. ಈಗ ತೀರಿಕೊಂಡದ್ದೂ ಅದೇ ಕೋಣೆಯಲ್ಲಿ.

ಮನೆ ಬಿಟ್ಟ ಆ ದಿನಗಳಲ್ಲಿ ಕಾಲೇಜಿನಲ್ಲಿ ಅವರು ಯಾರಿಗೂ ಬೈಯಲಿಲ್ಲ. ಫೋನು ಹಿಡಿದು ಬಂದವರಿಗೆ, "ಅಳಿಸ್ಬೇಕಾ? ಅಳಿಸಿ," ಎನ್ನುತ್ತಿದ್ದರು. ಬೋರ್ಡಿನ ಮೇಲೆ ಏನನ್ನೂ ಬರೆಯಲಿಲ್ಲ. ಪ್ರಾಂಶುಪಾಲರು ಹೇಳಿದ ಶಾಂತಸ್ವಭಾವ ಅದೇ ಇರಬಹುದು. ಮನುವಿನ ಗೆಳೆಯರನ್ನು ಹುಡುಕಿ ಕೇಳಿದ್ದರು. ಎಲ್ಲರೂ ಫೋನು ಬದಲಾಯಿಸಿದ್ದರು. ಗುಂಪು ಫೋಟೋಗಳು ಸಿಕ್ಕವು, ದನಿ ಸಿಗಲಿಲ್ಲ. ಒಂದು ದಿನ ಮಧ್ಯಾಹ್ನ ಇದ್ದಕ್ಕಿದ್ದಂತೆ, "ಅವನು ‘ಅಮ್ಮಾ’ ಅನ್ನೋವಾಗ ಕೊನೇಲಿ ಎಳೀತಿದ್ನಾ, ಮೊಟಕು ಮಾಡ್ತಿದ್ನಾ?" ಎಂದು ಕೇಳಿದರು. ನನಗೆ ನೆನಪಿತ್ತು. ಹೇಳಿದೆ. ಅವರು ನಂಬಲಿಲ್ಲ.

ಒಂದು ಭಾನುವಾರ ನಾನು ಅವರ ಕೋಣೆಯಲ್ಲಿದ್ದಾಗ ಬಾಗಿಲು ಬಡಿದ ಸದ್ದಾಯಿತು. ಗಂಡ ನಿಂತಿದ್ದರು. ಬಲಗೈ ಇನ್ನೂ ಜೋಲಿಯಲ್ಲಿತ್ತು. ಎಡಗೈಯಲ್ಲಿ ಒಂದು ಪ್ಲಾಸ್ಟಿಕ್ ಕವರು.

ಮೇಡಂ ಬಾಗಿಲಿಗೆ ಅಡ್ಡ ನಿಂತರು. "ಏನು?"

"ಫೋನ್ ಆನ್ ಆಗ್ತಿಲ್ಲ. ಊದ್ಕೊಂಡಿದೆ."

"ಅಂಗಡಿಗೆ ಹೋಗಿ."

"ವಿಜಯನಗರದಲ್ಲೆಲ್ಲ ತಿರುಗ್ದೆ. ರಿಪೇರಿ ಮಾಡಿದ್ರೆ ಒಳಗಿರೋದು ಹೋಗುತ್ತೆ ಅಂತಾರೆ."

"ಹೋಗ್ಲಿ. ಏನಿದೆ ಒಳಗೆ, ಬಾಡಿಗೆ ಗಿರಾಕಿಗಳ ನಂಬರ್ ತಾನೇ?"

ಗಂಡ ಮೆಟ್ಟಿಲ ಕಂಬಿಗೆ ಒರಗಿಕೊಂಡರು. ಆಮೇಲೆ, "ಮನು ಕಳ್ಸಿದ ಮೆಸೇಜು," ಎಂದರು. "ಮಾತಾಡಿರೋದು."

ಮೇಡಂ ಬಗ್ಗಿ ಕಾಲಿನ ಚಪ್ಪಲಿ ತೆಗೆದದ್ದು ನನಗೆ ಕಾಣಿಸಿತು. ಕೆನ್ನೆಗೆ, ಜೋಲಿಯ ಮೇಲೆ, ಮತ್ತೆ ಕೆನ್ನೆಗೆ. ಗಂಡ ಕೈ ಅಡ್ಡ ತರಲಿಲ್ಲ, ಹಿಂದೆ ಸರಿಯಲಿಲ್ಲ. ಕವರನ್ನು ಮಾತ್ರ ಹೊಟ್ಟೆಗೆ ಅವುಚಿಕೊಂಡು ನಿಂತರು. ಚಪ್ಪಲಿಯ ಬಾರು ಕಿತ್ತುಹೋದ ಮೇಲೆ ಮೇಡಂ ನಿಲ್ಲಿಸಿದರು.

"ಎಷ್ಟು ದಿನದಿಂದ ಇಟ್ಕೊಂಡಿದೀರಾ?"

"ಅವತ್ತಿನಿಂದ."

"ನನ್ ಬೆರಳು ಮುರಿದಾಗ್ಲೂ ಇತ್ತು."

"ಇತ್ತು."

"ಚಕ್ರದ ಕೆಳಗೆ ಇಟ್ಟಾಗ್ಲೂ ಜೇಬಲ್ಲಿತ್ತು."

ಗಂಡ ತಲೆ ತಗ್ಗಿಸಿದರು. "ಮನೇಲಿ ಕೇಳಿಲ್ಲ ಕಣೇ. ಗಾಡೀಲಿ ಕೇಳ್ತಿದ್ದೆ."

"ಬೇರೆ ಎಲ್ಲಾದ್ರೂ ಇದೆಯಾ?"

"ಇಲ್ಲ."

ಮೇಡಂ ಕವರು ಕಿತ್ತುಕೊಂಡರು. "ಅಲ್ಲೇ ಕೂತಿರಿ. ಒಳಗೆ ಬಂದ್ರೆ ಇನ್ನೊಂದು ಕೈನೂ ಮುರೀತೀನಿ."

ಫೋನಿನ ಹಿಂಬದಿ ಬ್ಯಾಟರಿ ಉಬ್ಬಿ ಬೆನ್ನು ಬಾಗಿತ್ತು, ಪರದೆ ಸೀಳಿತ್ತು. ಉಬ್ಬಿದ ಬ್ಯಾಟರಿಗೆ ಲೋಹ ತಾಗಿ ತೂತಾದರೆ ಹೊತ್ತಿಕೊಳ್ಳುತ್ತದೆ. ಹಳೆಯ ಬಸ್ ಪಾಸಿನ ಅಂಚನ್ನು ಅದರ ಕೆಳಗೆ ತೂರಿಸಿ ಮೇಡಂ ಕೂದಲೆಳೆಯಷ್ಟೇ ಎಬ್ಬಿಸುತ್ತ ಬಂದರು. ನಾನು ಟಾರ್ಚ್ ಹಿಡಿದಿದ್ದೆ. ಸೊಟ್ಟ ಬೆರಳು ಅಡ್ಡ ಬರುತ್ತಿತ್ತು, ಅದನ್ನು ಮಡಚಿಕೊಂಡು ಉಳಿದವುಗಳಿಂದ ಕೆಲಸ ಮಾಡಿದರು. ಲ್ಯಾಬಿನಿಂದ ತಂದಿಟ್ಟುಕೊಂಡಿದ್ದ ಕೆಟ್ಟ ಫೋನುಗಳ ಡಬ್ಬಿಯಲ್ಲಿ ಅದೇ ಮಾದರಿಯದೊಂದು ಸಿಕ್ಕಿತು. ಅದರ ಪರದೆ, ಅದರ ಬ್ಯಾಟರಿ ಇದಕ್ಕೆ ಜೋಡಿಸಿದರು. ಗುಂಡಿ ಒತ್ತಿ ಹಿಡಿದರು. ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಬೆಳಕು ಬಂತು.

"ಪಿನ್ ಏನು?" ಎಂದು ಕೂಗಿದರು. ಹೊರಗಿನಿಂದ ಟೆಂಪೋದ ನಂಬರು ಬಂತು.

ಮೆಸೇಜು ಸಿಕ್ಕ ಕೂಡಲೇ ಅವರು ಕೇಳಲಿಲ್ಲ. ಮೊದಲು ಲ್ಯಾಪ್‌ಟಾಪಿಗೆ ಇಳಿಸಿದರು. ಅಲ್ಲಿಂದ ಪೆನ್‌ಡ್ರೈವಿಗೆ. ಅದನ್ನು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಚಿದರು. ಆಮೇಲೆ ಒತ್ತಿದರು.

ರಸ್ತೆಯ ಗದ್ದಲ, ಬಸ್ಸಿನ ಹಾರನ್ನು. ಅದರ ನಡುವೆ ಮನು.

"ಅಪ್ಪಾ, ಕೇಳ್ಕೋ. ಇನ್ನೊಂದ್ಸಲ ಅಮ್ಮನ ಮೇಲೆ ಕೈ ಎತ್ತಿದ್ರೆ ನಾನು ಮನೆಗೆ ಬರಲ್ಲ. ಆಣೆಗೂ ಬರಲ್ಲ. ಇವತ್ತು ನಾನು ನಿಂಗೆ ಹೊಡೆದ್ಬಿಡ್ತಿದ್ದೆ, ಅದಕ್ಕೇ ಆಚೆ ಬಂದೆ." ಯಾರೋ ಹಿಂದಿನಿಂದ ‘ಬಾರೋ ಮಗಾ, ಲೇಟಾಯ್ತು’ ಎನ್ನುತ್ತಾನೆ. "ಬಂದೆ ಇರೋ. ಅಮ್ಮಂಗೆ ಹೇಳು, ಊಟಕ್ಕೆ ಕಾಯೋದ್ ಬೇಡ ಅಂತ. ತಿನ್ಕೊಂಡು ಮಲ್ಕೊಳ್ಳಕ್ಕೆ ಹೇಳು."

ಅಷ್ಟೇ. ಆ ಸಂಜೆಯೇ ಅವನು ಅಂಡರ್‌ಪಾಸಿನಲ್ಲಿ ಬಿದ್ದದ್ದು. ಊಟಕ್ಕೆ ಕಾಯಬೇಡ ಎಂಬ ಮಾತು ಮೇಡಂಗೆ ತಲುಪಿರಲಿಲ್ಲ.

ಮೇಡಂ ಫೋನು ಹಿಡಿದು ಬಾಗಿಲಿಗೆ ಹೋದರು. ಗಂಡ ಮೆಟ್ಟಿಲ ಮೇಲೆ ಕೂತಲ್ಲಿಂದಲೇ ಎಲ್ಲ ಕೇಳಿಸಿಕೊಂಡಿದ್ದರು.

"ದಿನಾ ಕೇಳ್ತಿದ್ರಾ?"

"ದಿನಾ."

"ಕೇಳಿ ಬಂದು ಹೊಡೀತಿದ್ರಿ."

ಗಂಡ ಒಂದು ಕೈಯನ್ನು ನೆಲಕ್ಕೂರಿ ಅವರ ಪಾದದತ್ತ ಬಾಗಿದರು. "ಅಳಿಸ್ಬೇಡ ಕಣೇ. ಇನ್ನೇನಾದ್ರೂ ಮಾಡು. ಅದೊಂದು ಅಳಿಸ್ಬೇಡ."

"ಅಳಿಸಲ್ಲ," ಎಂದರು ಮೇಡಂ. ಅವರ ಹಳೆಯ ದನಿ ವಾಪಸಾಗಿತ್ತು, ತರಗತಿಯ ಕೊನೆಯ ಬೆಂಚಿಗೂ ಕೇಳಿಸುವ ದನಿ. "ನನ್ ಹತ್ರ ಒಂದಿದೆ, ಇವಳ ಹತ್ರ ಒಂದಿದೆ. ಈ ಫೋನು ಒಡೆದುಹೋಗ್ಲಿ, ಕಳೆದುಹೋಗ್ಲಿ, ನೀವೇ ಹೋಗಿ ಕೆರೆಗೆ ಎಸೀರಿ. ಬನ್ನಿ. ಮತ್ತೆ ಹಾಕ್ಕೊಡ್ತೀನಿ. ಎಷ್ಟು ಸಲ ಬೇಕಾದ್ರೂ ಹಾಕ್ಕೊಡ್ತೀನಿ. ನೀವು ಬದುಕಿರೋವರ್ಗೂ ಇದು ನಿಮ್ಮನ್ನ ಬಿಟ್ಟು ಹೋಗಕ್ಕೆ ನಾನು ಬಿಡಲ್ಲ."

ಫೋನನ್ನು ಅವರ ಕೈಗೆ ಕೊಡದೆ ಹೊಸಿಲಿನ ಆಚೆ ನೆಲದ ಮೇಲಿಟ್ಟು ಬಾಗಿಲು ಹಾಕಿದರು. ಚಿಲಕವನ್ನೂ ಹಾಕಿದರು.

ಲ್ಯಾಪ್‌ಟಾಪು ಮೇಜಿನ ಮೇಲೆ ತೆರೆದೇ ಇತ್ತು. ಅವರು ಅತ್ತ ಹೋಗಲಿಲ್ಲ. ಗಂಡ ಮೆಟ್ಟಿಲಿಳಿದು ಹೋಗುವ ಸದ್ದೂ ಬರಲಿಲ್ಲ. ಸ್ವಲ್ಪ ಹೊತ್ತಿಗೆ ಹೊರಗೆ ಬಸ್ಸಿನ ಹಾರನ್ನು ಕೇಳಿಸಿತು, ‘ಅಪ್ಪಾ, ಕೇಳ್ಕೋ’ ಎಂದ ಮನು. ಮೇಡಂ ಎರಡೂ ಅಂಗೈಗಳನ್ನು ಬಾಗಿಲಿಗೆ ಒತ್ತಿ, ಹಲಗೆಗೆ ಕಿವಿಗೊಟ್ಟು ನಿಂತರು. ಮೆಸೇಜು ಮುಗಿದು ಹೊರಗೆ ನಿಶ್ಶಬ್ದವಾಯಿತು. ಅವರು ಕದಲಲಿಲ್ಲ. ಬಾಗಿಲಾಚೆ ಮನು ಮತ್ತೆ ಮೊದಲಿನಿಂದ ಶುರು ಮಾಡಿದ.